ವ್ಯಂಜನದ ಹಂದರ, ಸ್ವರದ ವ್ಯಾಕರಣ: ಕಾಸರಕೋಡ ಪರಿಸರದ ಭಾಷೆಗಳ ಬೆಳಕಿನಲ್ಲಿ ಆರಂಭಿಕ ಶೀಘ್ರಲಿಪಿಗಳು

ಶೀಘ್ರಲಿಪಿಯ ಚರಿತ್ರೆಯನ್ನು ಬಹುಮಟ್ಟಿಗೆ ವೇಗದ ಚರಿತ್ರೆಯಾಗಿಯೇ ಬರೆಯಲಾಗಿದೆ. ಸಿಸಿರೊನ ದಾಸನಾಗಿದ್ದು ಬಿಡುಗಡೆ ಹೊಂದಿದ ಟೈರೊನಿಂದ ಈ ಕಥನ ತೊಡಗುತ್ತದೆ. 1588ರ ಟಿಮತಿ ಬ್ರೈಟ್, 1602ರ ಜಾನ್ ವಿಲ್ಲಿಸ್, 1786ರ ಸ್ಯಾಮ್ಯುಯೆಲ್ ಟೇಲರ್ ಇವರನ್ನು ದಾಟಿ 1837ರಲ್ಲಿ ಐಸಾಕ್ ಪಿಟ್‌ಮನ್ ಪ್ರಕಟಿಸಿದ ಧ್ವನಿಮೂಲ ಪದ್ಧತಿಗೆ ಬಂದು ನಿಲ್ಲುತ್ತದೆ. ಹಿಂದಿನವರೆಲ್ಲರೂ ಇಲ್ಲಿ ಪಿಟ್‌ಮನ್ನನವರೆಗೆ ಏರಲು ಕಟ್ಟಿದ ಮೆಟ್ಟಿಲುಗಳು. ಕನ್ನಡದಲ್ಲಿ ಇಂದು ಕಲಿಸಲಾಗುವ ಶೀಘ್ರಲಿಪಿಯೂ ಪಿಟ್‌ಮನ್ ತಳಹದಿಯ ಮೇಲೆಯೇ ನಿಂತಿರುವುದರಿಂದ ಈ ಕಥನವನ್ನು ನಮ್ಮಲ್ಲಿ ಯಾರೂ ವಿಶೇಷವಾಗಿ ಪ್ರಶ್ನಿಸಿದಂತಿಲ್ಲ. ವಾಣಿಜ್ಯ ಪರೀಕ್ಷೆಗಳ ವಿಷಯವೆಂದು ಭಾಷಾವಿಜ್ಞಾನಿಗಳು ಅದನ್ನು ಬದಿಗಿರಿಸಿದ್ದಾರೆ. ಭಾಷಾವಿಜ್ಞಾನ ತಮಗೆ ಸಂಬಂಧಿಸಿದ್ದಲ್ಲವೆಂದು ಶೀಘ್ರಲಿಪಿಯ ಬೋಧಕರು ಸುಮ್ಮನಿದ್ದಾರೆ.

ಈ ಕಥನವನ್ನು ನಾವು ಒಪ್ಪುವುದಿಲ್ಲ. ಯಾವುದೇ ಶೀಘ್ರಲಿಪಿಯು ವೇಗದ ಸಾಧನವಾಗುವುದಕ್ಕೆ ಮೊದಲು ಭಾಷೆಯೊಂದರ ಬಗೆಗಿನ ಊಹೆಯಾಗಿರುತ್ತದೆ. ಆಡಿದ ಮಾತಿನಲ್ಲಿ ಯಾವ ಭಾಗವನ್ನು ಬಿಟ್ಟುಬಿಟ್ಟರೂ ಓದುವವನು ಅದನ್ನು ತಾನೇ ತುಂಬಿಕೊಳ್ಳಬಲ್ಲನು, ಯಾವ ಭಾಗವನ್ನು ಬಿಟ್ಟರೆ ತುಂಬಿಕೊಳ್ಳಲಾರನು ಎಂಬ ತೀರ್ಮಾನವೇ ಪ್ರತಿಯೊಂದು ಪದ್ಧತಿಯ ಬೆನ್ನೆಲುಬು. ಈ ತೀರ್ಮಾನ ಒಂದು ಭಾಷೆಗೆ ಸರಿಹೊಂದಿದ ಮಾತ್ರಕ್ಕೆ ಇನ್ನೊಂದಕ್ಕೆ ಸರಿಹೊಂದಬೇಕಾಗಿಲ್ಲ. ಆದುದರಿಂದ ಆರಂಭಿಕ ಪದ್ಧತಿಗಳನ್ನು ಅಪಕ್ವ ಪ್ರಯತ್ನಗಳೆಂದು ಬದಿಗೊತ್ತುವ ಬದಲು, ಅವು ಯಾವ ಭಾಷೆಯ ಯಾವ ಗುಣವನ್ನು ಕಂಡುಕೊಂಡಿದ್ದವು ಎಂದು ಕೇಳುವುದು ಲೇಸು. ಹಾಗೆ ಕೇಳಿದಾಗ ಕನ್ನಡಕ್ಕೆ ಹತ್ತಿರವಾದ ತತ್ವ 1837ರದ್ದಲ್ಲ, ಎರಡು ಸಾವಿರ ವರ್ಷಗಳ ಹಿಂದಿನದು ಎಂದು ನಮಗೆ ತೋರುತ್ತದೆ.

ಈ ಪರಿಶೀಲನೆಗೆ ನಾವು ಕಾಸರಕೋಡ ಪರಿಸರವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಶರಾವತಿಯ ಅಳಿವೆಯ ದಕ್ಷಿಣ ದಂಡೆಯಲ್ಲಿ, ಹೊನ್ನಾವರ ಪಟ್ಟಣಕ್ಕೆ ಎದುರಾಗಿರುವ ಈ ಊರನ್ನು ನಡುವಿಟ್ಟುಕೊಂಡು ದಕ್ಷಿಣಕ್ಕೆ ಭಟ್ಕಳ, ಉತ್ತರಕ್ಕೆ ಕುಮಟಾದವರೆಗಿನ ಕರಾವಳಿಯನ್ನು ನೋಡಿದರೆ, ಕೆಲವೇ ಮೈಲಿಗಳಲ್ಲಿ ಹವ್ಯಕ ಕನ್ನಡ, ಹಾಲಕ್ಕಿ ಒಕ್ಕಲಿಗರ ಕನ್ನಡ, ಖಾರ್ವಿಗಳ ಹಾಗೂ ಕ್ರೈಸ್ತರ ಕೊಂಕಣಿ, ಸಾರಸ್ವತರ ಕೊಂಕಣಿ, ನವಾಯತಿ ಎಲ್ಲವೂ ಕಿವಿಗೆ ಬೀಳುತ್ತವೆ. ಮಾತು ಬಗೆಬಗೆಯಾಗಿರುವಂತೆ ಬರಹವೂ ಬಗೆಬಗೆಯದು. ಕೊಂಕಣಿ ಐದು ಲಿಪಿಗಳಲ್ಲಿ ಬಾಳಿದ ಭಾಷೆ. ಅದಕ್ಕೆ ನಿಕಟವಾದ ನವಾಯತಿಯನ್ನು ಬರೆಯುವುದು ಪರ್ಶಿಯನ್-ಅರಬ್ಬಿ ಲಿಪಿಯಲ್ಲಿ. 1862ರಿಂದ 1956ರವರೆಗೆ ಜಿಲ್ಲೆಯು ಮುಂಬಯಿ ಪ್ರಾಂತ್ಯದ ಆಡಳಿತಕ್ಕೆ ಸೇರಿತ್ತು. ಆ ಪ್ರಾಂತ್ಯದ ಮರಾಠಿ ಸೀಮೆಗಳಲ್ಲಿ ಲೆಕ್ಕಪತ್ರಗಳ ಓಟದ ಬರಹವೆಂದರೆ ಮೋಡಿ. ಒಂದೇ ಭಾಷೆ, ಒಂದೇ ಲಿಪಿಯ ಊರಿನಲ್ಲಿ ಕುಳಿತು ಶೀಘ್ರಲಿಪಿಯನ್ನು ಯೋಚಿಸುವವರಿಗೆ ಸಹಜವೆಂದು ತೋರುವ ಎಷ್ಟೋ ಸಂಗತಿಗಳು ಇಲ್ಲಿ ಸಹಜವಾಗಿ ಉಳಿಯುವುದಿಲ್ಲ.

ಮೊದಲು ಟೈರೊನ ಪದ್ಧತಿ. ಕ್ರಿಸ್ತಪೂರ್ವ 63ರ ಡಿಸೆಂಬರ್ 5ರಂದು ರೋಮಿನ ಸೆನೆಟ್ಟಿನಲ್ಲಿ ಕೇಟೊ ಮಾಡಿದ ಭಾಷಣ ಉಳಿದು ಬಂದದ್ದು, ಸಿಸಿರೊ ಚುರುಕು ಬರಹಗಾರರಿಗೆ ತರಬೇತಿ ಕೊಟ್ಟು ಸಭೆಯ ಅಲ್ಲಲ್ಲಿ ಕೂರಿಸಿದ್ದರಿಂದ ಎಂದು ಪ್ಲುಟಾರ್ಕ್ ಹೇಳುತ್ತಾನೆ. ಟೈರೊನ ಹೆಸರಿನಲ್ಲಿ ಪ್ರಚಲಿತವಾದ ಚಿಹ್ನೆಗಳು ಮಧ್ಯಯುಗದಲ್ಲಿ ಬೆಳೆದು ಕ್ಯಾರೊಲಿಂಜಿಯನ್ ಕಾಲಕ್ಕೆ ಸುಮಾರು 13,000 ಆದವು. ಇಷ್ಟೊಂದು ಚಿಹ್ನೆಗಳನ್ನು ಬಾಯಿಪಾಠ ಮಾಡಬೇಕಾದ ಪದ್ಧತಿಯನ್ನು ಹಾಸ್ಯ ಮಾಡುವುದು ಸುಲಭ, ಚರಿತ್ರಕಾರರು ಮಾಡಿಯೂ ಇದ್ದಾರೆ. ಆದರೆ ಚಿಹ್ನೆಗಳ ಸಂಖ್ಯೆಗಿಂತ ಅವುಗಳ ರಚನೆ ಮುಖ್ಯ. ಲ್ಯಾಟಿನ್ ಪದವೊಂದನ್ನು ಈ ಪದ್ಧತಿ ಎರಡಾಗಿ ಸೀಳುತ್ತದೆ: ಪ್ರಕೃತಿಗೆ ಒಂದು ಪ್ರಧಾನ ಚಿಹ್ನೆ, ಪ್ರತ್ಯಯಕ್ಕೆ ಅದರ ಪಕ್ಕದಲ್ಲೋ ಮೇಲೋ ಕೆಳಗೋ ಇಡುವ ಪುಟ್ಟ ಸಹಾಯಕ ಚಿಹ್ನೆ. ಲ್ಯಾಟಿನ್ನಿನಲ್ಲಿ ಕರ್ತೃ ಯಾರು, ಕರ್ಮ ಯಾವುದು ಎಂದು ಹೇಳುವುದು ಪದದ ಬಾಲ. ಆ ಬಾಲ ಸಂದರ್ಭದಿಂದ ಊಹಿಸಿಕೊಳ್ಳಬಹುದಾದ ವಸ್ತುವಲ್ಲ ಎಂಬುದು ಆ ಬರಹಗಾರರಿಗೆ ತಿಳಿದಿತ್ತು. ಅವರ ಚಿಹ್ನೆಗಳಲ್ಲಿ 'ಮತ್ತು' ಎಂಬರ್ಥದ ಒಂದು ಇಂದಿಗೂ ಐರ್ಲೆಂಡಿನ ದಾರಿಫಲಕಗಳಲ್ಲಿ ಬದುಕಿದೆ. ಪ್ರತ್ಯಯಚಿಹ್ನೆಯ ಆ ವಿವೇಕ ಮಾತ್ರ ಮುಂದಿನ ಪದ್ಧತಿಗಳಲ್ಲಿ ಬಹುಪಾಲು ಕಳೆದುಹೋಯಿತು.

ಟಿಮತಿ ಬ್ರೈಟ್‌ನ 'ಕ್ಯಾರೆಕ್ಟರಿ' ಬೇರೆಯೇ ಜಾಡಿನದು. ಅವನದು ಐನೂರಕ್ಕೂ ಹೆಚ್ಚು ಆಯ್ದ ಪದಗಳ ಪಟ್ಟಿ. ಪ್ರತಿಯೊಂದಕ್ಕೂ ಒಂದು ಚಿಹ್ನೆ. ಪಟ್ಟಿಯಲ್ಲಿಲ್ಲದ ಪದ ಬಂದರೆ ಅದಕ್ಕೆ ಸಮಾನಾರ್ಥಕವಾದ ಅಥವಾ ವಿರುದ್ಧಾರ್ಥಕವಾದ ಪದದ ಚಿಹ್ನೆಯನ್ನು ಬರೆದು, ಬೇಕಾದ ಪದದ ಮೊದಲಕ್ಷರವನ್ನು ಅದಕ್ಕೆ ಹೊಂದಿಸಬೇಕು. ಕಾಸರಕೋಡಿನ ಮೀನುಗಾರನೊಬ್ಬನ ಮಾತಿನಲ್ಲಿ 'ರಂಪಣಿ' ಎಂದು ಬಂದರೆ, ಬ್ರೈಟ್‌ನ ಶಿಷ್ಯ 'ಬಲೆ'ಯ ಚಿಹ್ನೆ ಬರೆದು ಪಕ್ಕದಲ್ಲಿ 'ರ' ಸೇರಿಸುತ್ತಿದ್ದ. ಓದುವವನಿಗೆ ರಂಪಣಿಯ ಪರಿಚಯವಿದ್ದರೆ ಪದ ಮರಳಿ ಬಂದೀತು; ಇಲ್ಲದಿದ್ದರೆ ಅದು ಯಾವುದೋ ಬಲೆ. ರಂಪಣಿಯು ಹತ್ತಾರು ಮಂದಿ ಕೂಡಿ ದಡಕ್ಕೆ ಎಳೆಯುವ, ಹಿಡಿದ ಮೀನನ್ನು ಪಾಲು ಮಾಡಿಕೊಳ್ಳುವ ಬಲೆ. ಬರಿಯ ಬಲೆಯೆಂದೊಡನೆ ಆ ಪಾಲಿನ ಪದ್ಧತಿ ಪಠ್ಯದಿಂದ ಮರೆಯಾಗುತ್ತದೆ. ಅರ್ಥ ಉಳಿದರೆ ಸಾಕು, ಆಡಿದ ಮಾತೇ ಉಳಿಯಬೇಕಾಗಿಲ್ಲ ಎಂಬ ಈ ಊಹೆ ಬ್ರೈಟ್‌ನೊಂದಿಗೆ ಸಾಯಲಿಲ್ಲ. ಅದು ಎಲ್ಲಿ ಬೀಡುಬಿಟ್ಟಿದೆ ಎಂಬುದನ್ನು ಮುಂದೆ ನೋಡಲಿದ್ದೇವೆ.

ವಿಲ್ಲಿಸ್‌ನಿಂದ ಮುಂದೆ ಅಕ್ಷರಮೂಲ ಪದ್ಧತಿಗಳ ಕಾಲ. ವಿಲ್ಲಿಸ್ ಸ್ವರವನ್ನು ಬರೆಯದೆ, ಮುಂದಿನ ವ್ಯಂಜನವನ್ನು ಹಿಂದಿನದರ ಸುತ್ತ ಯಾವ ಸ್ಥಾನದಲ್ಲಿ ಇಡಲಾಗಿದೆ ಎಂಬುದರಿಂದಲೇ ಅದನ್ನು ಸೂಚಿಸಿದ. ಟೇಲರ್ ಪದಮಧ್ಯದ ಸ್ವರಗಳನ್ನು ಕೈಬಿಟ್ಟು, ಪದದ ಆದಿ ಅಥವಾ ಅಂತ್ಯದಲ್ಲಿ ಯಾವುದೇ ಸ್ವರವಿರಲಿ ಅದಕ್ಕೆ ಒಂದೇ ಚುಕ್ಕೆ ಎಂದ. ಪಿಟ್‌ಮನ್ ಇವರಿಗಿಂತ ಸೂಕ್ಷ್ಮಮತಿ. ಅವನು ಅಘೋಷಕ್ಕೆ ತೆಳು ಗೆರೆ, ಅದೇ ಸ್ಥಾನದ ಘೋಷಕ್ಕೆ ದಪ್ಪ ಗೆರೆ ಇಟ್ಟ; ಸ್ವರಗಳನ್ನು ಬಿಡಿ ಚುಕ್ಕೆ-ಗೀಟುಗಳಾಗಿ ಮಾಡಿ ಮೂರು ಸ್ಥಾನಗಳಲ್ಲಿ ಹಂಚಿದ; ವೇಗದ ಬರಹದಲ್ಲಿ ಅವನ್ನೂ ಬಿಟ್ಟು, ಇಡೀ ಪದವನ್ನು ಸಾಲಿನ ಮೇಲೆ, ಸಾಲಿಗೆ ತಾಗಿಸಿ ಅಥವಾ ಸಾಲನ್ನು ಸೀಳಿ ಬರೆಯುವುದರಿಂದ ಮೊದಲ ಸ್ವರದ ಸುಳಿವು ಕೊಟ್ಟ. ತೆಳು-ದಪ್ಪ ಗೆರೆಗಳ ಜೋಡಿಯಲ್ಲಿ ನಮ್ಮ ವರ್ಗೀಯ ವ್ಯಂಜನಗಳ ನೆರಳನ್ನು ಕಂಡು ಪಿಟ್‌ಮನ್ನನಿಗೂ ಸಂಸ್ಕೃತ ಶಿಕ್ಷಾಶಾಸ್ತ್ರಕ್ಕೂ ವಂಶಾವಳಿ ಕಟ್ಟುವ ಉತ್ಸಾಹ ಆಗಾಗ ಕಾಣುತ್ತದೆ. ಘೋಷ-ಅಘೋಷ ಭೇದವನ್ನು ಗುರುತಿಸಲು ಒಳ್ಳೆಯ ಕಿವಿ ಸಾಕು ಎಂದಷ್ಟೇ ಹೇಳಿ ಆ ಚರ್ಚೆಯನ್ನು ನಾವು ಬಿಡುತ್ತೇವೆ.

ಪದದ ತಿರುಳಿರುವುದು ವ್ಯಂಜನಗಳ ಹಂದರದಲ್ಲಿ, ಸ್ವರ ಅದರ ಮೇಲಿನ ಹೊದಿಕೆ: ಈ ಮೂವರನ್ನೂ ಕೂಡಿಸುವ ಊಹೆ ಇದು. ಇಂಗ್ಲಿಷಿಗೆ ಇದು ಬಹುಮಟ್ಟಿಗೆ ಒಪ್ಪುತ್ತದೆ. ಆ ಭಾಷೆಯಲ್ಲಿ ಕರ್ತೃವನ್ನು ಹೇಳಲು ಬಿಡಿ ಸರ್ವನಾಮವಿದೆ, ನಿಷೇಧಕ್ಕೆ ವ್ಯಂಜನಗಳಿಂದ ಕೂಡಿದ ಬಿಡಿ ಪದವಿದೆ, ವಿಭಕ್ತಿಯ ಕೆಲಸವನ್ನು ಪದಕ್ರಮವೂ ಉಪಸರ್ಗಗಳೂ ಮಾಡುತ್ತವೆ. ಕನ್ನಡದ ಸ್ಥಿತಿ ಹೀಗಿಲ್ಲ.

ಮ್-ಡ್-ದ್ ಎಂಬ ಹಂದರವನ್ನು ತೆಗೆದುಕೊಳ್ಳೋಣ. ದಂತ್ಯ-ಮೂರ್ಧನ್ಯಗಳಿಗೆ ಬೇರೆ ಬೇರೆ ಗೆರೆಗಳಿವೆ ಎಂದೇ ಇಟ್ಟುಕೊಂಡರೂ ಇದರೊಳಗೆ ಮಡಿದ, ಮಡಿದು, ಮುಡಿದ, ಮುಡಿದು, ಮೂಡಿದ, ಮೂಡದ, ಮೂಡಿದೆ, ಮೂಡದೆ, ಮಾಡಿದ, ಮಾಡದ, ಮಾಡಿದೆ, ಮಾಡದೆ ಎಲ್ಲವೂ ಅಡಗಿವೆ. ಪಿಟ್‌ಮನ್ ಕ್ರಮದಲ್ಲಿ ಸಾಲಿನ ಮೇಲಣ ಸ್ಥಾನದಿಂದ 'ಮಾ'ವನ್ನು 'ಮೂ'ವಿನಿಂದ ಬೇರ್ಪಡಿಸಬಹುದು. ಮಡಿದವನೂ ಮಾಡಿದವನೂ ಒಂದೇ ಸ್ಥಾನದಲ್ಲಿ ಉಳಿಯುತ್ತಾರೆ; ಅದನ್ನು ಸಂದರ್ಭ ಬಿಡಿಸೀತು. ಸಂದರ್ಭ ಬಿಡಿಸಲಾರದ್ದು ಎರಡನೆಯ ಅಕ್ಷರದ ಸ್ವರವನ್ನು. 'ಸಹಿ ಮಾಡಿದ ಪತ್ರ', 'ಸಹಿ ಮಾಡದ ಪತ್ರ': ಇವೆರಡರ ನಡುವಿನ ಅಂತರ ಒಂದು ಇಕಾರ, ಒಂದು ಅಕಾರ. ಎರಡೂ ವಾಕ್ಯದ ಅದೇ ಜಾಗದಲ್ಲಿ, ಅದೇ ವಿಷಯದ ಬಗ್ಗೆ, ಅದೇ ಬಾಯಿಂದ ಬರಬಲ್ಲವು. 'ಸಾಲ ತೀರಿಸಿದ', 'ಸಾಲ ತೀರಿಸದ' ಎಂಬ ಜೋಡಿಯೂ ಹೀಗೆಯೇ. ಕನ್ನಡದ ನಿಷೇಧ ಕೃದಂತ ನಿಂತಿರುವುದೇ ಸ್ವರಭೇದದ ಮೇಲೆ; ಹಂದರ ಮಾತ್ರ ಉಳಿದಾಗ ಮೊದಲು ಅಳಿಯುವುದು ಹೌದು-ಅಲ್ಲಗಳ ಗೆರೆ.

ಪುರುಷವಾಚಕದಲ್ಲೂ ಇದೇ ಅಪಾಯವಿದೆ. 'ಹಣ ಕೊಟ್ಟೆನು' ಎಂದರೆ ನಾನು, 'ಹಣ ಕೊಟ್ಟನು' ಎಂದರೆ ಅವನು. ಆಡುಮಾತಿನಲ್ಲಿ ಇದು 'ಕೊಟ್ಟೆ', 'ಕೊಟ್ಟ' ಆಗುತ್ತದೆ, ಆಗಲೂ ಅಂತರ ಸ್ವರದ್ದೇ. ಸರ್ವನಾಮವನ್ನು ಬಿಟ್ಟು ಮಾತಾಡುವುದು ಕನ್ನಡದ ಜಾಯಮಾನವಾದ್ದರಿಂದ, ಕೊಟ್ಟವರು ಯಾರು ಎಂಬುದಕ್ಕೆ ಬೇರೆ ಸಾಕ್ಷಿ ಆ ವಾಕ್ಯದಲ್ಲಿ ಇಲ್ಲದೆ ಹೋಗಬಹುದು. ಪದಾಂತ್ಯದಲ್ಲಿ ಒಂದು ಸ್ವರವಿದೆ ಎಂದು ಸೂಚಿಸಲು ಪಿಟ್‌ಮನ್ನನಲ್ಲಿ ಜಾಣ ಉಪಾಯವೇನೋ ಇದೆ. ಪದ ನಕಾರದಲ್ಲಿ ಮುಗಿದರೆ ಕೊಕ್ಕೆ, ನಕಾರದ ಮೇಲೆ ಸ್ವರ ಬಂದರೆ ಪೂರ್ಣ ಗೆರೆ. ಟೇಲರನ ಅಂತ್ಯದ ಚುಕ್ಕೆಯ ಉದ್ದೇಶವೂ ಇದೇ. ಆದರೆ ಪ್ರಾಯಃ ಎಲ್ಲ ಪದಗಳೂ ಸ್ವರಾಂತವಾಗಿರುವ ಭಾಷೆಯಲ್ಲಿ 'ಇಲ್ಲಿ ಒಂದು ಸ್ವರವಿದೆ' ಎಂಬ ಸೂಚನೆಯಿಂದ ಓದುಗನಿಗೆ ಹೊಸದಾಗಿ ತಿಳಿಯುವುದು ಏನೂ ಇಲ್ಲ. ಅವನಿಗೆ ಬೇಕಾದುದು ಯಾವ ಸ್ವರ ಎಂಬುದು.

ಇದಕ್ಕೆ ಒಂದು ಆಕ್ಷೇಪ ಬರುವುದು ನ್ಯಾಯವೇ. ಅನುಭವಿ ಶೀಘ್ರಲಿಪಿಗಾರರು ಇಂಥ ಕಡೆಗಳಲ್ಲಿ ಸ್ವರಚಿಹ್ನೆಯನ್ನು ಸೇರಿಸಿಯೇ ಸೇರಿಸುತ್ತಾರೆ, ಪದ್ಧತಿಯು ಅದನ್ನು ತಡೆಯುವುದಿಲ್ಲ, ಕನ್ನಡದ ಪ್ರತ್ಯಯಗಳಿಗೆ ಸಂಕ್ಷೇಪಗಳೂ ಕಲಿಸಲ್ಪಡುತ್ತವೆ. ನಿಜ. ನಮ್ಮ ವಿಮರ್ಶೆ ಬರಹಗಾರರ ಕೌಶಲದ ಮೇಲಿನದ್ದಲ್ಲ. ಇಂಗ್ಲಿಷಿನಲ್ಲಿ ನಿಷೇಧದ ಉಪಸರ್ಗಗಳು ಹಂದರದಲ್ಲಿ ಕರಗಿಹೋಗುವ ಅಪಾಯವನ್ನು ಪಿಟ್‌ಮನ್ ಪದ್ಧತಿಯೇ ಗುರುತಿಸಿ, ಅಲ್ಲಿ ವ್ಯಂಜನದ ಗೆರೆಯನ್ನು ಎರಡು ಬಾರಿ ಬರೆಯುವ ವಿಶೇಷ ನಿಯಮವನ್ನು ಮಾಡಿದೆ. ಇಂಗ್ಲಿಷಿಗೆ ಅಂಚಿನಲ್ಲಿ ಒಂದು ಅಪವಾದವಾಗಿ ಬಂದ ಸಮಸ್ಯೆ ಕನ್ನಡದಲ್ಲಿ ಕ್ರಿಯಾಪದದ ನಡುಮನೆಯಲ್ಲಿಯೇ ಕುಳಿತಿದೆ. ಅದನ್ನು ಬರಹಗಾರರ ಎಚ್ಚರಕ್ಕೆ ಬಿಟ್ಟುಕೊಡುವುದೆಂದರೆ, ಎಚ್ಚರ ಅತ್ಯಂತ ಕಡಿಮೆಯಾಗಿರುವ ಗಳಿಗೆಗೆ, ಅಂದರೆ ವೇಗ ಅತ್ಯಂತ ಹೆಚ್ಚಿರುವ ಗಳಿಗೆಗೆ, ವ್ಯಾಕರಣದ ಅತ್ಯಂತ ಮುಖ್ಯ ಭೇದವನ್ನು ಒಪ್ಪಿಸಿದಂತೆ.

ಇನ್ನು ನಮ್ಮ ಸುತ್ತಲಿನ ಓಟದ ಬರಹಗಳ ಕಡೆಗೆ ಬರೋಣ. ಶೀಘ್ರಲಿಪಿಯ ಚರಿತ್ರೆಗಳಲ್ಲಿ ಇವಕ್ಕೆ ಎಡೆಯಿಲ್ಲ; ಆದರೆ ಊಹಿಸಬಹುದಾದುದನ್ನು ಬಿಟ್ಟು ಬರೆಯುವುದೇ ಶೀಘ್ರಲಿಪಿಯ ತತ್ವವಾದರೆ ಇವೂ ಆ ಕುಲದವೇ. ಕನ್ನಡ ಲಿಪಿಯ ಒಳಗೇ ಅಂಥ ಮಿತವ್ಯಯವಿದೆ. ಅಕಾರಕ್ಕೆ ಪ್ರತ್ಯೇಕ ಗುಣಿತಚಿಹ್ನೆ ಬೇಡ. ವರ್ಗದ ಐದು ಅನುನಾಸಿಕಗಳಿಗೆ ಬದಲಾಗಿ ಒಂದೇ ಸೊನ್ನೆ ಸಾಕು, ಮುಂದಿನ ವ್ಯಂಜನವೇ ಅದರ ಸ್ಥಾನವನ್ನು ಹೇಳುತ್ತದೆ. ಓಲೆಗರಿಯ ಮೇಲೆ ಕಂಠದಿಂದ ಕೊರೆಯುವ ಕೈ ಅಕ್ಷರ ಅಕ್ಷರಕ್ಕೂ ನಿಲ್ಲಬೇಕಿತ್ತು. ಹುಣಿಸೆಬೀಜದ ಸರಿ ಮತ್ತು ಇದ್ದಿಲು ಹಚ್ಚಿ ಕಪ್ಪಾಗಿಸಿದ ಬಟ್ಟೆಯ ಕಡತದ ಮೇಲೆ ಬಳಪ ಹಿಡಿದ ಕೈ ಓಡಬಲ್ಲದು. ಮಠಗಳ, ವರ್ತಕರ ಕಡತಗಳನ್ನು ಓದಲು ಇಂದು ವಿಶೇಷ ಪರಿಣತಿ ಬೇಕಾಗಿರುವುದು ಈ ಓಟದಿಂದಾಗಿಯೇ. ಕಡತವೆಂಬ ಪದ ಈಗ ಕಚೇರಿಯ ಕಾಗದದ ಕಟ್ಟಿಗೆ ಉಳಿದಿದೆ, ಬಳಪ ಹೋಗಿದೆ.

ಮರಾಠಿಯ ಮೋಡಿಯನ್ನು 13ನೆಯ ಶತಮಾನದ ಯಾದವ ಮಂತ್ರಿ ಹೇಮಾದ್ರಿಗೆ ಆರೋಪಿಸುವ ಪರಂಪರೆಯಿದೆ. ಆರೋಪ ಹೇಗಾದರೂ ಇರಲಿ, ಲೇಖನಿಯನ್ನು ಆದಷ್ಟು ಎತ್ತದೆ ಬರೆಯುವ ಈ ಲಿಪಿ ಇಕಾರ-ಈಕಾರಗಳಿಗೆ ಒಂದೇ ಚಿಹ್ನೆ, ಉಕಾರ-ಊಕಾರಗಳಿಗೆ ಒಂದೇ ಚಿಹ್ನೆ ಇಟ್ಟುಕೊಂಡಿತು. ಇದು ಸೋಮಾರಿತನವಲ್ಲ, ಸರಿಯಾದ ಧ್ವನಿಮಾ ವಿಶ್ಲೇಷಣೆ: ಮರಾಠಿಯಲ್ಲಿ ಈ ಸ್ವರಗಳ ಹ್ರಸ್ವ-ದೀರ್ಘ ಬಹುಮಟ್ಟಿಗೆ ಪದದೊಳಗಣ ಸ್ಥಾನದಿಂದಲೇ ಗೊತ್ತಾಗುತ್ತದೆ. ಕೊಂಕಣಿಯೂ ಈ ಮಿತವ್ಯಯವನ್ನು ಹೆಚ್ಚು ನಷ್ಟವಿಲ್ಲದೆ ತಾಳಿಕೊಳ್ಳುತ್ತದೆ. ಅದನ್ನೇ ಕನ್ನಡಕ್ಕೆ ಹಚ್ಚಿದರೆ ಬಿಡು-ಬೀಡು, ಕುಡಿ-ಕೂಡಿ, ಸುಡು-ಸೂಡು ಒಂದಾಗುತ್ತವೆ. ನೆರೆಮನೆಯಲ್ಲಿ ಉಳಿತಾಯವಾದದ್ದು ನಮ್ಮ ಮನೆಯಲ್ಲಿ ಸಾಲ.

ನವಾಯತಿಯನ್ನು ಬರೆಯುವ ಲಿಪಿಯ ನಡೆ ಇದಕ್ಕೆ ತೀರ ಎದುರು. ಪರ್ಶಿಯನ್-ಅರಬ್ಬಿ ಪರಂಪರೆಯ ಬರಹದಲ್ಲಿ ಪದಮಧ್ಯದ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ದೀರ್ಘಗಳನ್ನು ಅಲಿಫ್, ವಾವ್, ಯೇಗಳಿಂದ ಬರೆಯುತ್ತಾರೆ. ಮೋಡಿ ಗುಣವನ್ನು ಉಳಿಸಿಕೊಂಡು ದೀರ್ಘವನ್ನು ಬಿಟ್ಟಿತು. ಈ ಲಿಪಿ ದೀರ್ಘವನ್ನು ಹಿಡಿದು ಹ್ರಸ್ವದ ಗುಣವನ್ನು ಬಿಟ್ಟಿತು. ಮೇಲುನೋಟಕ್ಕೆ ಎರಡನೆಯದು ಟೇಲರ್-ಪಿಟ್‌ಮನ್ನರ ಹಂದರಕ್ಕೆ ಸಮೀಪವೆನಿಸುತ್ತದೆ. ಆದರೆ ಒಂದು ವ್ಯತ್ಯಾಸವಿದೆ, ನಮ್ಮ ವಾದಕ್ಕೆ ಅದೇ ಮುಖ್ಯ: ಉರ್ದು ಬಗೆಯ ಬರಹದಲ್ಲಿ ಪದದ ಕೊನೆಯ ಸ್ವರಕ್ಕೆ ಅಕ್ಷರ ಸಿಗುತ್ತದೆ. ಪದದ ಹೊಟ್ಟೆಯಲ್ಲಿ ಜಿಪುಣತನ, ಪದದ ತುದಿಯಲ್ಲಿ ಔದಾರ್ಯ. ಇಂಡೋ-ಆರ್ಯ ಭಾಷೆಗಳಲ್ಲಿ ಲಿಂಗ-ವಚನಗಳು ಪದಾಂತ್ಯದ ಸ್ವರದಲ್ಲಿ ಕುಳಿತಿರುವುದರಿಂದ ಈ ಹಂಚಿಕ ಸಾರ್ಥಕವಾಗಿದೆ. ಕೊಂಕಣಿಯಲ್ಲಿ 'ಒಳ್ಳೆಯ' ಎಂಬ ವಿಶೇಷಣ ಬರೊ, ಬರಿ, ಬರೆಂ ಎಂದು ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಗಳಲ್ಲಿ ಬದಲಾಗುತ್ತದೆ. ಹಂದರ ಮೂರಕ್ಕೂ ಒಂದೇ.

ಇಲ್ಲಿ ಹೋಲಿಕೆಯೊಂದು ತಾನಾಗಿ ಒದಗುತ್ತದೆ. ಕೊಂಕಣಿಯ ನಿಷೇಧ 'ನಾ' ಎಂಬ ಪದದಲ್ಲಿದೆ. ಅದರ ನಕಾರ ಹಂದರದಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ವ್ಯಂಜನಮೂಲ ಶೀಘ್ರಲಿಪಿ ಕೊಂಕಣಿಯ ಲಿಂಗವನ್ನು ಕಳೆದುಕೊಳ್ಳುತ್ತದೆ, ನಿಷೇಧವನ್ನು ಕಳೆದುಕೊಳ್ಳುವುದಿಲ್ಲ. ಅದೇ ಶೀಘ್ರಲಿಪಿ ಕನ್ನಡದ ಲಿಂಗವನ್ನು ಉಳಿಸಿಕೊಳ್ಳುತ್ತದೆ, ಏಕೆಂದರೆ ಬಂದನು-ಬಂದಳುಗಳಲ್ಲಿ ಭೇದ ವ್ಯಂಜನದ್ದು. ಆದರೆ ಕೃದಂತದ ನಿಷೇಧವನ್ನು ಕಳೆದುಕೊಳ್ಳುತ್ತದೆ. ಹೊನ್ನಾವರದ ಸಂತೆಯಲ್ಲಿ ಪಕ್ಕಪಕ್ಕ ನಿಂತು ಮಾತಾಡುವ ಇಬ್ಬರ ಮಾತನ್ನು ಒಂದೇ ಪದ್ಧತಿಯಲ್ಲಿ ಬರೆದುಕೊಂಡರೆ ಇಬ್ಬರ ವ್ಯಾಕರಣದಲ್ಲೂ ತೂತು ಬೀಳುತ್ತದೆ, ಬೇರೆ ಬೇರೆ ಕಡೆ.

ಗೆರೆಯ ದಪ್ಪದ ವಿಚಾರವನ್ನು ಚುಟುಕಾಗಿ ಹೇಳಿ ಮುಂದೆ ಹೋಗಬಹುದು. ದಪ್ಪಕ್ಕೆ ಎರಡೇ ಬೆಲೆ. ಕನ್ನಡ ವರ್ಗಕ್ಕೆ ನಾಲ್ಕು ಸ್ಪರ್ಶಗಳು. ಹೀಗಾಗಿ ಮಹಾಪ್ರಾಣಗಳಿಗೆ ಏನಾದರೂ ಹೆಚ್ಚುವರಿ ಗುರುತು ಬೇಕಾಗುತ್ತದೆ. ದೇಶ್ಯಪದಗಳಲ್ಲಿ ಮಹಾಪ್ರಾಣ ವಿರಳ, ಎರವಲು ಪದಗಳಲ್ಲೂ ಆಡುಮಾತು ಅದನ್ನು ಬಹುಮಟ್ಟಿಗೆ ಕೈಬಿಡುತ್ತದೆ. ಅದನ್ನು ಗುರುತಿಸಲು ವ್ಯಯವಾಗುವ ಶ್ರಮವನ್ನು ಪದಾಂತ್ಯದ ಸ್ವರಕ್ಕೆ ವರ್ಗಾಯಿಸಿದ್ದರೆ ಲಾಭವಿತ್ತು. ಪುಸ್ತಕದ ವರ್ಣಮಾಲೆಗೆ ನಿಷ್ಠೆ ತೋರುವುದು ಬೇರೆ, ಆಡುವ ಭಾಷೆಗೆ ನಿಷ್ಠೆ ತೋರುವುದು ಬೇರೆ.

ಇದೆಲ್ಲ ಬರಿಯ ಲಿಪಿಶಾಸ್ತ್ರದ ಕುತೂಹಲವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಮಾತು ದಾಖಲೆಯಾಗುವ ಜಾಗಗಳಲ್ಲಿ ನ್ಯಾಯಾಲಯ ಪ್ರಧಾನವಾದುದು. ಸಾಕ್ಷ್ಯವನ್ನು ಮ್ಯಾಜಿಸ್ಟ್ರೇಟರು ತಾವೇ ಬರೆಯಬಹುದು ಅಥವಾ ತೆರೆದ ನ್ಯಾಯಾಲಯದಲ್ಲಿ ಉಕ್ತಲೇಖನ ಕೊಟ್ಟು ಬರೆಸಬಹುದು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿತ್ತು. ಸಾಕ್ಷಿಯು ನ್ಯಾಯಾಲಯದ ಭಾಷೆಯನ್ನು ಬಿಟ್ಟು ಬೇರೆ ಭಾಷೆಯಲ್ಲಿ ನುಡಿದರೆ, ಸಾಧ್ಯವಿದ್ದಲ್ಲಿ ಆ ಭಾಷೆಯಲ್ಲೇ ಬರೆದುಕೊಳ್ಳಬಹುದು, ಇಲ್ಲವಾದರೆ ನ್ಯಾಯಾಲಯದ ಭಾಷೆಗೆ ಯಥಾರ್ಥ ಅನುವಾದ ಮಾಡಬೇಕು ಎಂದು ಅದರ 277ನೆಯ ಕಲಂ ಹೇಳಿತು. ಬರೆದುದನ್ನು ಸಾಕ್ಷಿಗೆ ಓದಿ ಹೇಳಬೇಕೆಂದು 278ನೆಯದು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯೂ ಈ ಏರ್ಪಾಡಿನ ತಿರುಳನ್ನು ಬದಲಿಸಿಲ್ಲ.

ಈ ಏರ್ಪಾಡನ್ನು ಶೀಘ್ರಲಿಪಿಯ ದೃಷ್ಟಿಯಿಂದ ಓದಿದರೆ ಕಾಣುವುದೇನು? ಉಕ್ತಲೇಖನ ನಡೆಯುವಲ್ಲಿ ಶೀಘ್ರಲಿಪಿಗಾರರ ಲೇಖನಿ ಹಿಂಬಾಲಿಸುವುದು ಸಾಕ್ಷಿಯ ಮಾತನ್ನಲ್ಲ, ಆ ಮಾತನ್ನು ಕೇಳಿ ನ್ಯಾಯಾಧೀಶರು ಕಟ್ಟಿ ಹೇಳಿದ ವಾಕ್ಯವನ್ನು. ಖಾರ್ವಿ ಸಮುದಾಯದ ಮಹಿಳೆಯೊಬ್ಬರು ಕೊಂಕಣಿಯಲ್ಲಿ ನುಡಿದದ್ದು ಕನ್ನಡಕ್ಕೆ ತಿರುಗಿ, ಕಚೇರಿಯ ಕನ್ನಡದ ಅಚ್ಚಿಗೆ ಇಳಿದು, ಆ ಮೇಲೆ ಗೆರೆಯಾಗುತ್ತದೆ. ಬ್ರೈಟ್‌ನ ಊಹೆ ಬೀಡುಬಿಟ್ಟಿರುವುದು ಇಲ್ಲಿ: ಅರ್ಥ ಉಳಿದರೆ ಸಾಕು. ಕನ್ನಡದ ಪಾಟೀಸವಾಲಿನ ದಾಖಲೆಗಳನ್ನು ಓದಿದವರಿಗೆಲ್ಲ 'ಎಂದರೆ ಸರಿಯಲ್ಲ', 'ಎಂದರೆ ನಿಜ', 'ಎಂದರೆ ಸುಳ್ಳು' ಎಂಬ ಮುಗಿತಾಯಗಳು ಪರಿಚಿತ. 'ಸದರಿ ಪತ್ರಕ್ಕೆ ನಾನು ಸಹಿ ಮಾಡಿಲ್ಲ ಎಂದರೆ ಸರಿಯಲ್ಲ' ಎಂಬ ಮಾದರಿಯ ವಾಕ್ಯವನ್ನು ಯಾವ ಸಾಕ್ಷಿಯೂ ಕಟೆಕಟೆಯಲ್ಲಿ ನಿಂತು ಆಡಿರುವುದಿಲ್ಲ. ವಕೀಲರ ಪ್ರಶ್ನೆಯನ್ನೂ ಸಾಕ್ಷಿಯ 'ಮಾಡಿದ್ದೇನೆ' ಎಂಬ ಉತ್ತರವನ್ನೂ ಹೊಸೆದು ಮಾಡಿದ ಎರಡು ನಿಷೇಧಗಳ ಹುರಿ ಅದು. ಇಂಥ ಸಿದ್ಧವಾಕ್ಯಗಳು ಪದಪುಂಜಚಿಹ್ನೆಗಳಿಗೆ ಹೇಳಿ ಮಾಡಿಸಿದಂತಿವೆ. ಚಿಹ್ನೆ ಚಿಕ್ಕದಾದಷ್ಟೂ ವಾಕ್ಯ ಗಟ್ಟಿಯಾಗುತ್ತದೆ, ವಾಕ್ಯ ಗಟ್ಟಿಯಾದಷ್ಟೂ ಅದರೊಳಗೆ ಬೀಳುವ ಮಾತುಗಳು ಹೆಚ್ಚುತ್ತವೆ.

ಉಪಭಾಷೆ ಇಲ್ಲಿ ಇನ್ನೂ ದುರ್ಬಲ. ಹವ್ಯಕ ಕನ್ನಡದಲ್ಲಿ ಸ್ತ್ರೀಯರಿಗೆ ನಪುಂಸಕ ರೂಪ ಬಳಕೆಯಲ್ಲಿದೆ: 'ಅಕ್ಕ ಬಂತು'. ಇದನ್ನು ಕೇಳಿದ ಕೈ 'ಅಕ್ಕ ಬಂದಳು' ಎಂದು ಬರೆದರೆ ಯಾರಿಗೂ ಅನ್ಯಾಯವಾಗಲಿಲ್ಲ ಎನಿಸಬಹುದು. ಆದರೆ 'ಅದು ಬಂತು' ಎಂದು ಬಂದಾಗ ಬಂದದ್ದು ಮನೆಯ ಹೆಂಗಸೋ ಹಟ್ಟಿಯ ದನವೋ ಎಂಬುದನ್ನು ಆ ಉಪಭಾಷೆ ಬಲ್ಲವರಷ್ಟೇ ತಿಳಿಯಬಲ್ಲರು. ಅಲ್ಲಿ ತಿದ್ದುವ ಕೈ ತಾನು ಅರ್ಥೈಸುತ್ತಿದ್ದೇನೆಂದು ಅರಿಯದೆಯೇ ಅರ್ಥೈಸಿರುತ್ತದೆ.

ದೇಶಭಾಷೆಗಳ ಶೀಘ್ರಲಿಪಿಗೂ ಅಧಿಕಾರಕ್ಕೂ ಇರುವ ನಂಟು ಹೊಸದಲ್ಲ. 1908ರ ತಿರುನೆಲ್ವೇಲಿ ರಾಜದ್ರೋಹ ಮೊಕದ್ದಮೆಯಲ್ಲಿ ವಿ. ಓ. ಚಿದಂಬರಂ ಪಿಳ್ಳೆ ಮತ್ತು ಸುಬ್ರಹ್ಮಣ್ಯ ಶಿವ ಅವರಿಗೆ ಕಠಿಣ ಶಿಕ್ಷೆಯಾದುದು ಅವರು ತಮಿಳಿನಲ್ಲಿ ಮಾಡಿದ ಭಾಷಣಗಳ ಆಧಾರದ ಮೇಲೆ. ಸ್ವದೇಶಿ ಚಳವಳಿಯ ವೇದಿಕೆಯ ಮಾತು ಮತ್ತು ತಮಿಳು ಶೀಘ್ರಲಿಪಿಯ ಬೆಳವಣಿಗೆ ಒಂದಕ್ಕೊಂದು ಹೆಣೆದುಕೊಂಡಿದ್ದನ್ನು ಬರ್ನಾರ್ಡ್ ಬೇಟ್ ವಿವರಿಸಿದ್ದಾರೆ. ಆ ಚರ್ಚೆಗೆ ನಾವು ಸೇರಿಸಬಯಸುವುದು ಇಷ್ಟೇ: ಯಾರು ಬರೆದುಕೊಂಡರು, ಏಕೆ ಬರೆದುಕೊಂಡರು ಎಂಬುದರೊಂದಿಗೆ, ಬರೆದುಕೊಂಡ ಗೆರೆಯು ಆ ಭಾಷೆಯ ಯಾವ ಪ್ರತ್ಯಯವನ್ನು ಹಿಡಿಯಬಲ್ಲದಾಗಿತ್ತು ಎಂಬುದನ್ನೂ ಕೇಳಬೇಕು. ವಕ್ತಾರ 'ಮಾಡದೆ' ಎಂದನೋ 'ಮಾಡಿದೆ' ಎಂದನೋ ಎಂಬುದರ ಮೇಲೆ ಸೆರೆಮನೆಯ ವರ್ಷಗಳು ನಿಂತಿರಬಹುದಾದ ಕಾಲವದು.

ಹಾಗಾದರೆ ಟೈರೊನ ಕಡೆಗೆ ಮರಳಿದರೆ ಸಾಕೇ? ಸಾಲದು. ಲ್ಯಾಟಿನ್ ಪದಕ್ಕೆ ಸಾಮಾನ್ಯವಾಗಿ ಬಾಲ ಒಂದೇ. ಪಕ್ಕದಲ್ಲಿ ಒಂದು ಪುಟ್ಟ ಚಿಹ್ನೆ ಇಟ್ಟರೆ ಮುಗಿಯಿತು. 'ಮಾಡಿಸಿಕೊಳ್ಳುತ್ತಿದ್ದವರಿಗೂ' ಎಂಬ ಕನ್ನಡ ಪದದಲ್ಲಿ ಧಾತುವಿನ ಹಿಂದೆ ಪ್ರೇರಣೆ, ಆತ್ಮಾರ್ಥ, ಕಾಲ, ಸಹಾಯಕ್ರಿಯೆ, ಕೃದಂತ, ವಚನ, ವಿಭಕ್ತಿ, ಸಮುಚ್ಚಯ ಸಾಲುಗಟ್ಟಿ ನಿಂತಿವೆ. ಈ ಸಾಲಿನ ನಡುಭಾಗ ಬಹಳ ಊಹ್ಯ: 'ಇಸಿಕೊಳ್ಳುತ್ತಿದ್ದ' ಎಂಬಂಥ ಕೊಂಡಿಗಳ ಕ್ರಮ ಬದಲಾಗುವುದಿಲ್ಲ, ಒಂದೇ ಗೆರೆಯಲ್ಲಿ ಅದನ್ನು ಕಟ್ಟಿಬಿಡಬಹುದು. ಊಹ್ಯವಲ್ಲದ್ದು ಧಾತುವಿನ ಮೊದಲ ಅಕ್ಷರದ ಹ್ರಸ್ವ-ದೀರ್ಘ, ನಿಷೇಧವನ್ನು ಹೊತ್ತ ಸ್ವರ ಮತ್ತು ಪದದ ಕಟ್ಟಕಡೆಯ ಸ್ವರ. ದೇಶ್ಯಪದಗಳಲ್ಲಿ ಮೊದಲ ಅಕ್ಷರವನ್ನು ದಾಟಿದ ಮೇಲೆ ದೀರ್ಘಕ್ಕೆ ಅರ್ಥಭೇದಕ ಶಕ್ತಿ ಕಡಿಮೆ. ತುದಿಯಲ್ಲಿ ಬರುವ ಊ, ಏ, ಓಗಳು ಮಾತ್ರ ಇದಕ್ಕೆ ಅಪವಾದ. 'ಅವನೂ', 'ಅವನೇ', 'ಅವನೋ' ಎಂಬಲ್ಲಿ ಸಮುಚ್ಚಯ, ಅವಧಾರಣೆ, ಸಂಶಯಗಳನ್ನು ಹೊತ್ತಿರುವುದು ಆ ತುದಿಯೊಂದೇ. ಮೋಡಿಯಂತೆ ಎಲ್ಲೆಡೆ ದೀರ್ಘವನ್ನು ಬಿಡುವುದೂ ಕನ್ನಡಕ್ಕೆ ಆಗದು, ಪಿಟ್‌ಮನ್ನನಂತೆ ಮೊದಲ ಸ್ವರವೊಂದನ್ನೇ ನೆಚ್ಚುವುದೂ ಆಗದು. ನವಾಯತಿಯ ಲಿಪಿಯಂತೆ ಹೊಟ್ಟೆಯನ್ನು ಹಗುರ ಮಾಡಿ ತುದಿಯನ್ನು ಕಾಯುವ ಕ್ರಮ ಇದಕ್ಕೆ ಹೆಚ್ಚು ಹತ್ತಿರ.

ಊಹ್ಯ ಯಾವುದು, ಅಲ್ಲದ್ದು ಯಾವುದು ಎಂಬುದನ್ನು ಕಿವಿಯ ಅಂದಾಜಿನಿಂದ ನಿರ್ಧರಿಸಬೇಕಾದ ಕಾಲ ಹಿಂದೆಯೇ ಕಳೆದಿದೆ. ಹಿಂದಿಗೆ ಮಾನಕ ಶೀಘ್ರಲಿಪಿ ರೂಪಿಸುವ ಉದ್ದೇಶದಿಂದ ಧ್ವನಿಮಾ-ಆಕೃತಿಮಾಗಳ ಎಣಿಕೆಯ ಕೆಲಸವನ್ನು ಪುಣೆಯ ಡೆಕ್ಕನ್ ಕಾಲೇಜಿಗೆ ವಹಿಸಲಾಗಿತ್ತು, ಎ. ಎಂ. ಘಾಟಗೆಯವರ ಆವರ್ತನ ಗ್ರಂಥ 1964ರಲ್ಲಿ ಅಲ್ಲಿಂದ ಹೊರಬಂತು. ಕನ್ನಡದ ಧ್ವನಿಮಾ-ಆಕೃತಿಮಾಗಳ ಆವರ್ತನವನ್ನು ಎಣಿಸಿದ ಎಂ. ಆರ್. ರಂಗನಾಥರ ಗ್ರಂಥವನ್ನು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1982ರಲ್ಲಿ ಪ್ರಕಟಿಸಿತು. ಶೀಘ್ರಲಿಪಿಗೆ ಬೇಕಾದ ಕಚ್ಚಾಸಾಮಗ್ರಿ ಇಂಥ ಎಣಿಕೆಗಳೇ. ಆದರೆ ಆವರ್ತನ ಒಂದರಿಂದಲೇ ಕೆಲಸವಾಗದು. ಹೆಚ್ಚು ಬಾರಿ ಬರುವ ಪ್ರತ್ಯಯಕ್ಕೆ ಚಿಕ್ಕ ಗೆರೆ ಕೊಡಬೇಕೆಂದು ಅದು ಹೇಳೀತು. ವಿರಳವಾಗಿ ಬಂದರೂ ತಪ್ಪಿದರೆ ವಾಕ್ಯವನ್ನೇ ತಲೆಕೆಳಗು ಮಾಡುವ ಪ್ರತ್ಯಯ ಯಾವುದೆಂದು ಹೇಳಲಾರದು. ನಿಷೇಧ ಕೃದಂತವು ವಿಧ್ಯರ್ಥ ಕೃದಂತಕ್ಕಿಂತ ವಿರಳವಾದ್ದರಿಂದ, ಬರಿಯ ಆವರ್ತನವನ್ನು ನಂಬಿದ ಪದ್ಧತಿ ಸಂದೇಹ ಬಂದಲ್ಲೆಲ್ಲ 'ಮಾಡಿದ' ಎಂದೇ ಓದಲು ಕಲಿಸುತ್ತದೆ. ಧ್ವನಿಯನ್ನು ಬರಹಕ್ಕೆ ಇಳಿಸುವ ಗಣಕಯಂತ್ರಗಳು ಮಾಡುವ ಊಹೆಯೂ ತತ್ವದಲ್ಲಿ ಇದೇ ಆದುದರಿಂದ, ಈ ಜೋಡಿಗಳ ಪರೀಕ್ಷೆ ಶೀಘ್ರಲಿಪಿಯ ತರಗತಿಗೆ ಸೀಮಿತವಾದ ಕೆಲಸವಲ್ಲ. ಮಾಡಿದ-ಮಾಡದ, ತೀರಿಸಿದ-ತೀರಿಸದ, ಕೊಟ್ಟೆ-ಕೊಟ್ಟ ಇವುಗಳನ್ನು ಹೊನ್ನಾವರ, ಭಟ್ಕಳ, ಕುಮಟಾಗಳ ಆಡುನುಡಿಯಲ್ಲಿ, ಸಂದರ್ಭದ ನೆರವಿಲ್ಲದ ವಾಕ್ಯಗಳಲ್ಲಿ ನುಡಿಸಿ, ಅನುಭವಿ ಶೀಘ್ರಲಿಪಿಗಾರರಿಂದ ಬರೆಸಿ, ಬರೆದವರಲ್ಲದ ಬೇರೊಬ್ಬರಿಂದ ಓದಿಸುವುದು ಪಿಎಚ್‌.ಡಿ. ವಿದ್ಯಾರ್ಥಿಯೊಬ್ಬರು ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಪ್ರಯೋಗ.